ನೆರೆಯವನು ಕೇಳಿದ ನೆಲ



ಬಲ್ಲಿದನಾದ ನೆರೆಯವನೊಬ್ಬನು ಬಂದು, “ನಿಮ್ಮ ಹಿತ್ತಲಲ್ಲಿ ನಾಲ್ಕು ಮಾರು ಬಿಟ್ಟುಕೊಡಿ, ಅದರ ಎರಡರಷ್ಟನ್ನು ನಮ್ಮ ಬೀಳಿನಲ್ಲಿ ತೆಗೆದುಕೊಳ್ಳಿ” ಎಂದರೆ ನೀವು ಏನೆನ್ನುವಿರಿ? 1939ರ ಅಕ್ಟೋಬರಿನಲ್ಲಿ ಫಿನ್ಲೆಂಡಿನ ಸರ್ಕಾರಕ್ಕೆ ಎದುರಾದುದು ಈ ಪ್ರಶ್ನೆಯೇ.

ಆ ನಾಡಿನ ಜನ ಆಗ ನಲವತ್ತು ಲಕ್ಷಕ್ಕೂ ಕಡಿಮೆ, ನೆರೆಯವನು ಸ್ಟಾಲಿನ್. ಗಡಿ ಲೆನಿನ್‌ಗ್ರಾಡಿಗೆ ಬರಿಯ 32 ಕಿಲೋಮೀಟರ್ ದೂರದಲ್ಲಿದೆ, ಅದನ್ನು ಹಿಂದಕ್ಕೆ ಸರಿಸಬೇಕು. ಹಾಂಕೊ ರೇವನ್ನು 30 ವರ್ಷ ಗುತ್ತಿಗೆಗೆ ಕೊಡಬೇಕು. ಕೆಲವು ದ್ವೀಪಗಳನ್ನು ಬಿಡಬೇಕು. ಬದಲಿಗೆ ಪೂರ್ವ ಕರೇಲಿಯಾದ ಕಾಡುನೆಲ. ಮಾತುಕತೆಗೆ ಹೊರಟವರು 68 ವಯಸ್ಸಿನ ಪಾಸಿಕಿವಿ. 1920ರಲ್ಲಿ ರಷ್ಯದೊಡನೆ ಸಂಧಿ ಮಾಡಿಬಂದಿದ್ದವರೂ ಅವರೇ. ಹೆಲ್ಸಿಂಕಿಯ ರೈಲುನಿಲ್ದಾಣದಲ್ಲಿ ನೆರೆದ ಜನ ಹಾಡಿ ಬೀಳ್ಕೊಟ್ಟರು. ಇತ್ತ ಸರ್ಕಾರವು ಮೀಸಲು ಸೈನಿಕರನ್ನು “ಹೆಚ್ಚಿನ ತರಬೇತಿ” ಎಂಬ ಹೆಸರಿನಲ್ಲಿ ಕರೆಸಿಕೊಂಡಿತು. ಸೇನೆಯೂ ಸಜ್ಜಾಗಬೇಕು, ನೆರೆಯವನಿಗೆ ನೆಪವೂ ಸಿಗಬಾರದು! ಜಾಣತನವೆಂದೇ ಹೇಳಬೇಕು.

ನಮ್ಮ ಮೈಸೂರಿನ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಬಲ ರಾಜನಿಗೆಂದೇ ಒಂದು ಅಧಿಕರಣವಿದೆ. ದಂಡೆತ್ತಿ ಬರುವವರು ಮೂರು ಬಗೆ. ಧರ್ಮವಿಜಯಿಗೆ ಶರಣೆಂದರೆ ಸಾಕು. ಲೋಭವಿಜಯಿಗೆ ಭೂಮಿ, ದ್ರವ್ಯ ಸಾಕು. ಅಸುರವಿಜಯಿಗೆ ಪ್ರಾಣವೂ ಬೇಕು. ಆದರೆ ಬಾಗಿಲಲ್ಲಿ ನಿಂತವನು ಯಾರೆಂದು ಹೇಗೆ ತಿಳಿಯುವುದು? ಸ್ವಲ್ಪ ಕೊಟ್ಟು ಉಳಿದುಕೊಳ್ಳೋಣವೆಂದು ಪಾಸಿಕಿವಿಯವರೂ ವೃದ್ಧ ಸೇನಾನಿ ಮಾನರ್‌ಹೀಮರೂ ಹೇಳಿದರು. ಇದು ಬರಿಯ ಬೆದರಿಕೆಯೆಂದು ವಿದೇಶಾಂಗ ಸಚಿವ ಎರ್ಕೊ ನಂಬಿದ್ದರು. ಅಲ್ಪಸ್ವಲ್ಪ ಬಿಡಲು ಸರ್ಕಾರ ಒಪ್ಪಿತು. ಹಾಂಕೊ ಮಾತ್ರ ಕೊಡಲಿಲ್ಲ. ಮಾತುಕತೆ ಮುರಿಯಿತು.

ಯುದ್ಧ ನಡೆದದ್ದು 105 ದಿನ. 1940ರ ಮಾರ್ಚಿನ ಸಂಧಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಹೋಯಿತು: ಹಾಂಕೊ, ವೀಪುರಿ ಪಟ್ಟಣ, ನಾಡಿನ ಸುಮಾರು ಹತ್ತನೆಯ ಒಂದು ಪಾಲು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟರು.

ಮೊದಲೇ ಕೊಟ್ಟಿದ್ದರಾಗುತ್ತಿತ್ತು ಎನ್ನುವಿರಾ? ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಕೊಲ್ಲಿಯ ಆಚೆಯ ಎಸ್ಟೋನಿಯ, ಅದರ ಪಕ್ಕದ ಲಾಟ್ವಿಯ, ಲಿಥುವೇನಿಯಗಳನ್ನು ನೋಡಿ. ಅದೇ 1939ರಲ್ಲಿ ಅವು ಸೋವಿಯತ್ ಸೇನೆಗೆ ನೆಲೆಗಳನ್ನು ಕೊಡಲು ಒಪ್ಪಿದವು. ಮರುವರ್ಷದ ಬೇಸಗೆಯಲ್ಲಿ ಮೂರೂ ಸ್ವಾತಂತ್ರ್ಯ ಕಳೆದುಕೊಂಡವು. ಫಿನ್ಲೆಂಡು ಉಳಿಯಿತು.

ಆದ್ದರಿಂದ ಆ ಸರ್ಕಾರ “ಇಲ್ಲ” ಎಂದುದನ್ನು ನಾನು ತಪ್ಪೆನ್ನಲಾರೆ. ತಪ್ಪೆನ್ನುವುದು, ಹಾಗೆಂದ ಮೇಲೆ ನಿಶ್ಚಿಂತೆಯಿಂದ ಕುಳಿತುದನ್ನು. ಅಕ್ಟೋಬರಿನಲ್ಲಿ ಹೆಲ್ಸಿಂಕಿ ಬಿಟ್ಟು ಹೋಗಿದ್ದ ಜನರಲ್ಲಿ ಅನೇಕರು ಗಂಡಾಂತರ ಕಳೆಯಿತೆಂದು ನವೆಂಬರಿನಲ್ಲಿ ಮರಳಿ ಬಂದಿದ್ದರು. 30ನೆಯ ತಾರೀಖು ವಿಮಾನಗಳು ಬಂದಾಗ ಅವರು ತಮ್ಮ ಮನೆಗಳಲ್ಲಿಯೇ ಇದ್ದರು.