ಸಾಕಿದ ಕೈಯಲ್ಲಿ ಒಂದು ಕಾಗದವೂ ಇರಲಿ

ಇವತ್ತು ಒಂದೇ ಪ್ರಶ್ನೆ. ಉಣಿಸಿ, ಮಲಗಿಸಿ, ಸಾಲಿಗೆ ಕಳಿಸಿ ಬೆಳೆಸಿದ ಮಗುವನ್ನ ನಾಳೆ ಯಾರೋ ಬಂದು ‘ಇದು ನಮ್ಮದು’ ಅಂದರೆ, ಸಾಕಿದವರ ಮಾತು ಕಾನೂನು ಕೇಳುತ್ತಾ?

ದುಡಿಯಲು ಗೋವಾ, ಮಹಾರಾಷ್ಟ್ರಕ್ಕೆ ಹೋದವರ ಕೂಸು ನೆರೆಮನೆಯಲ್ಲೇ ದೊಡ್ಡದಾಗುವುದು ನಮ್ಮ ಕಡೆ ಹೊಸದೇನಲ್ಲ. ವಿಜಯಪುರದ ಗಲ್ಲಿಯಿರಲಿ, ತಿಕೋಟಾದ ದ್ರಾಕ್ಷಿ ತೋಟವಿರಲಿ, ಬಬಲೇಶ್ವರದ ವಸ್ತಿಯಿರಲಿ, ಜನ ಹೇಳುವುದು ಒಂದೇ: ‘ನಮ್ಮ ಮನ್ಯಾಗ ಬೆಳದದ ರೀ, ಕಾಗದ ಯಾಕ ಬೇಕು?’

ಯಾಕೆ ಬೇಕು ಅನ್ನೋದಕ್ಕೆ ಕೊಪ್ಪಳದ ಒಂದು ದಂಪತಿಯ ಕಥೆ ಕೇಳಿ. 2020ರ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆ ಆಸ್ಪತ್ರೆಯಿಂದ ಒಂದು ಹಸುಗೂಸು ಕಳುವಾಯಿತು. ‘ಇದು ಬಾಡಿಗೆ ತಾಯಿಯಿಂದ ಹುಟ್ಟಿದ ನಿಮ್ಮದೇ ಮಗು’ ಎಂದು ನಂಬಿಸಿ, ಲಕ್ಷಾಂತರ ರೂಪಾಯಿಗೆ ಅದನ್ನು ಇವರ ಮಡಿಲಿಗೆ ಹಾಕಲಾಗಿತ್ತು. ವರ್ಷದ ಮೇಲೆ ಪೊಲೀಸರು ಪತ್ತೆ ಮಾಡಿದರು. ಸಾಕುತಾಯಿ ಹೈಕೋರ್ಟ್ ಮೆಟ್ಟಿಲು ಹತ್ತಿದರು. ಹೆತ್ತವಳಿಗೆ ಇನ್ನೂ ಮಕ್ಕಳಿದ್ದಾರೆ, ನನಗೆ ಯಾರೂ ಇಲ್ಲ ಅಂದರು. ದೇವಕಿ-ಯಶೋದೆಯರ ಮಾತೂ ಬಂತು. 2021ರಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಒಪ್ಪಲಿಲ್ಲ. ಯಾರಿಗೆ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸಿ ಹಂಚಲು ಮಗು ಆಸ್ತಿಯಲ್ಲ ಎಂಬುದು ಅವರ ತೀರ್ಪಿನ ಸಾರ. ಮಗು ಹೆತ್ತವಳ ಮಡಿಲು ಸೇರಿತು. ಸಾಕಿದವಳು ಮನಸ್ಸಾದಾಗಲೆಲ್ಲ ಬಂದು ನೋಡಬಹುದು ಎಂದು ಆ ಹೆತ್ತತಾಯಿ ಒಪ್ಪಿಕೊಂಡಳು. ಅದು ಅವಳ ದೊಡ್ಡತನ.

ಆ ಸಾಕುತಾಯಿಯ ಪ್ರೀತಿ ಸುಳ್ಳಾಗಿತ್ತಾ? ಇಲ್ಲ. ಪಾಯ ಸುಳ್ಳಾಗಿತ್ತು. ನಾನು ಓದಿದ್ದು ಎಂಜಿನಿಯರಿಂಗ್. ಪಾಯ ಸರಿಯಿಲ್ಲದಿದ್ದರೆ ಎಷ್ಟು ಚಂದದ ಮನೆಯೂ ನಿಲ್ಲಲ್ಲ.

ಹಾಗಾದರೆ ಗಟ್ಟಿ ಪಾಯ ಯಾವುದು? 2015ರ ಬಾಲನ್ಯಾಯ ಕಾಯ್ದೆಯಲ್ಲಿ ‘ಪೋಷಕತ್ವ’, ಅಂದರೆ ಫಾಸ್ಟರ್ ಕೇರ್, ಇದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಆದೇಶ ಕೊಟ್ಟರೆ ಮಾತ್ರ ನೀವು ಕಾನೂನಿನ ಕಣ್ಣಲ್ಲಿ ಪೋಷಕರು. ಆ ಮಗು ದತ್ತಕ್ಕೆ ಕಾನೂನುಬದ್ಧವಾಗಿ ಮುಕ್ತವಾದರೆ, ಸಾಕಿದವರೇ ದತ್ತು ಕೇಳಬಹುದು. ಮೊದಲು ಇದಕ್ಕೆ 5 ವರ್ಷ ಸಾಕಿರಬೇಕಿತ್ತು, 2024ರ ಮಾರ್ಗಸೂಚಿ ಅದನ್ನು 2 ವರ್ಷಕ್ಕೆ ಇಳಿಸಿದೆ. ದತ್ತು ಆದೇಶ ಈಗ ಜಿಲ್ಲಾಧಿಕಾರಿಯಿಂದಲೇ ಸಿಗುತ್ತದೆ. ಪೋಷಕತ್ವದ ಬಗ್ಗೆ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ವಕೀಲರಿಗೆ ದುಡ್ಡೆಲ್ಲಿದೆ ಅಂತೀರಾ? 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ದಿಕ್ಕಿಲ್ಲದ ಮಗು ಸಿಕ್ಕರೆ 1098ಕ್ಕೆ ತಿಳಿಸಿ. 24 ಗಂಟೆಯೊಳಗೆ ತಿಳಿಸದಿದ್ದರೆ ಅದೇ ಅಪರಾಧ.

ಒಂದು ಕಹಿ ಮಾತೂ ಹೇಳಬೇಕು. ಆದೇಶ ಸಿಕ್ಕಿತು ಅಂದ ಮಾತ್ರಕ್ಕೆ ಮಗು ನಿಮ್ಮ ಸ್ವತ್ತಲ್ಲ. ಹೆತ್ತವರು ಸುಧಾರಿಸಿಕೊಂಡರೆ ಮಗು ಅಲ್ಲಿಗೇ ಮರಳಬಹುದು. ಕಾನೂನು ಮೊದಲು ನೋಡೋದು ಮಗುವಿನ ಹಿತ, ಆಮೇಲೆ ನಮ್ಮ ಸಂಕಟ. ಆದರೆ ಕಾಗದ ಇದ್ದವರ ಸಂಕಟವನ್ನ ಕನಿಷ್ಠ ಕೂರಿಸಿ ಕೇಳುತ್ತಾರೆ. ಇಲ್ಲದವರನ್ನು ಬಾಗಿಲಲ್ಲೇ ‘ನೀವ್ಯಾರು?’ ಅಂತಾರೆ.

ನಿಮ್ಮ ಮನೆಯಲ್ಲಿ ಅಂಥ ಕೂಸು ಆಡುತ್ತಿದ್ದರೆ, ಜಗಳ ಬರೋವರೆಗೆ ಕಾಯಬೇಡಿ. ಈ ವಾರವೇ ಸಮಿತಿಯ ಮುಂದೆ ಹೋಗಿ.