ಊರು ಕಟ್ಟುವ ನಿಯಮ, ನೀರು ಇಳಿಯುವ ದಾರಿ
ಹುಬ್ಬಳ್ಳಿ-ಧಾರವಾಡದ ಮಿಶ್ರ ಬಳಕೆಯ ಬೆಳವಣಿಗೆಯನ್ನು ಕುರಿತು ನಮ್ಮ ಬಳಗದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ



ಕಾಡು, ನದಿ, ಸೊಪ್ಪಿನಬೆಟ್ಟಗಳ ಅಳಿವು ಉಳಿವಿನ ಬಗ್ಗೆ ಚಿಂತಿಸುವ ಈ ವೇದಿಕೆಗೆ ನಗರದ ಕಟ್ಟಡ ನಿಯಮಗಳ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯರೊಬ್ಬರು ವಿಷಯ ಕೇಳಿ, “ಹುಬ್ಬಳ್ಳಿಯವರು ಹೇಗಾದರೂ ಕಟ್ಟಿಕೊಳ್ಳಲಿ, ನಮಗೇನು?” ಎಂದರು. ಅವರ ಪ್ರಶ್ನೆಗೆ ಉತ್ತರ ಕೊಡುವುದೇ ನನ್ನ ಇಂದಿನ ಕೆಲಸವೆಂದು ಭಾವಿಸಿದ್ದೇನೆ. ನಾನು ಘಟ್ಟದ ಈ ಬದಿಯಲ್ಲಿ ಹುಟ್ಟಿ, ಕಟ್ಟಡಗಳ ಮೇಲ್ವಿಚಾರಣೆಯ ಕೆಲಸ ಮಾಡುತ್ತಾ ಬದುಕಿನ ಬಹುಭಾಗವನ್ನು ಧಾರವಾಡದಲ್ಲಿ ಕಳೆದವನು. ಆದ್ದರಿಂದ ಎರಡೂ ಕಡೆಯ ಋಣ ನನ್ನ ಮೇಲಿದೆ.

ಮೊದಲು ನೆಲದ ಓರೆಯನ್ನು ಗಮನಿಸೋಣ. ಧಾರವಾಡವು ಮಲೆನಾಡು ಮತ್ತು ಬಯಲುಸೀಮೆಗಳ ಅಂಚಿನಲ್ಲಿ, ನೀರು ಎರಡು ದಿಕ್ಕಿಗೆ ಒಡೆಯುವ ದಿಣ್ಣೆಯ ಮೇಲೆ ಕುಳಿತಿರುವ ಊರು. ಅಲ್ಲಿ ಬಿದ್ದ ಮಳೆಯ ಒಂದು ಪಾಲು ಪೂರ್ವಕ್ಕೆ ಸರಿದು ಕೃಷ್ಣೆಯ ಬಳಗವನ್ನು ಸೇರುತ್ತದೆ. ಇನ್ನೊಂದು ಪಾಲು ಪಶ್ಚಿಮಕ್ಕೆ ತಿರುಗುತ್ತದೆ. ಶಾಲ್ಮಲೆ ಹುಟ್ಟುವುದು ಧಾರವಾಡದ ದಕ್ಷಿಣದ ಸೋಮೇಶ್ವರ ಗುಡಿಯ ಬಳಿ. ಬೇಡ್ತಿ ಹುಟ್ಟುವುದು ಹುಬ್ಬಳ್ಳಿಯ ಬಳಿ. ಕಲಘಟಗಿಯ ಸಮೀಪ ಇವೆರಡೂ ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ನಾವು ಯಾವ ನದಿಯ ಹೆಸರು ಹೇಳಿಕೊಂಡು 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಸಿ, ಜಲವಿದ್ಯುತ್ ಯೋಜನೆಯ ಲಾಭನಷ್ಟಗಳ ಲೆಕ್ಕವನ್ನು ಸರ್ಕಾರದ ಮುಂದೆ ಇಟ್ಟೆವೋ, ಆ ನದಿಯ ತಲೆಯ ಮೇಲೆ ಒಂದು ಅವಳಿನಗರ ಬೆಳೆಯುತ್ತಿದೆ. ಕಣಿವೆಯನ್ನು ಕಾಯಲು ನಾವು ಕಲಿತಿದ್ದೇವೆ. ತಲೆಯ ಕಡೆಗೆ ಇನ್ನೂ ಸರಿಯಾಗಿ ಕಣ್ಣು ಹಾಯಿಸಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವರಿಗೆ ಇದು ರುಚಿಸದಿರಬಹುದು. ನಗರ ದಟ್ಟವಾಗುವುದನ್ನು ಪರಿಸರವಾದಿಗಳಾದ ನಾವು ವಿರೋಧಿಸಬಾರದು. ನಗರ ಹರಡುವುದೇ ನಮಗೆ ಹೆಚ್ಚಿನ ಕೇಡು. ಮೂವತ್ತು ನಲವತ್ತರ ನಿವೇಶನಗಳ ಬಡಾವಣೆಗಳು ಕಲಘಟಗಿ ದಿಕ್ಕಿಗೆ ಒಂದೊಂದೇ ಹೊಲವನ್ನು ನುಂಗುತ್ತಾ ಬಂದರೆ, ಅದರ ಹಿಂದೆಯೇ ರಸ್ತೆ, ಕಲ್ಲುಗಣಿ, ಮರಳಿನ ಲಾರಿಗಳೂ ಬರುತ್ತವೆ. ಇರುವ ಊರಿನೊಳಗೆ, ಬಸ್ಸು ಓಡಾಡುವ ದಾರಿಯ ಪಕ್ಕದಲ್ಲಿ, ಮನೆ, ಅಂಗಡಿ, ಕಚೇರಿ, ಶಾಲೆಗಳು ಒತ್ತೊತ್ತಾಗಿ ಬೆರೆತು ನಿಂತರೆ ಅಷ್ಟು ನೆಲ ಉಳಿಯುತ್ತದೆ. ಇದನ್ನೇ ಯೋಜಕರು ಮಿಶ್ರ ಬಳಕೆಯ ಅಭಿವೃದ್ಧಿ ಎಂದು ಕರೆಯುತ್ತಾರೆ. ನನ್ನ ತಕರಾರು ಬೆರೆಸುವುದರ ಬಗ್ಗೆ ಇಲ್ಲ. ಯಾವುದನ್ನು ಮೊದಲು ಗೆರೆ ಎಳೆದು ಆಮೇಲೆ ಬೆರೆಸುತ್ತೇವೆ ಎಂಬುದರ ಬಗ್ಗೆ ಇದೆ.

ಮಿಶ್ರ ಬಳಕೆ ಎಂಬುದು ನಮಗೆ ಹೊರಗಿನಿಂದ ಬಂದ ವಿದ್ಯೆಯೇನಲ್ಲ. ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ, ಕಂಚಗಾರ ಗಲ್ಲಿಯಲ್ಲಿ, ಧಾರವಾಡದ ಲೈನ್ ಬಜಾರಿನಲ್ಲಿ ಒಮ್ಮೆ ನಿಧಾನವಾಗಿ ನಡೆದು ನೋಡಿ. ಹಳೆಯ ಪೇಟೆಯ ಮನೆ ಬೀದಿಗೆ ಮುಖಕೊಟ್ಟು ನಿಂತಿರುತ್ತದೆ. ಕೆಳಗೆ ಅಂಗಡಿ, ಅದರ ಮುಂದೆ ಗಿರಾಕಿ ಕೂರುವ ಕಟ್ಟೆ, ಮೇಲೆ ಅಥವಾ ಹಿಂದೆ ಸಂಸಾರ, ನಡುವೆ ಬೆಳಕಿಗೊಂದು ಅಂಗಳ, ಹಿತ್ತಿಲಿನಲ್ಲಿ ಬಾವಿ. ದುರ್ಗದ ಬೈಲಿನಲ್ಲಿ ಹಗಲು ಒಂದು ವ್ಯಾಪಾರ, ಸಂಜೆಯಾದ ಮೇಲೆ ತಿಂಡಿಗಾಡಿಗಳದ್ದು ಬೇರೆಯೇ ವ್ಯಾಪಾರ; ಒಂದೇ ನೆಲ ಎರಡು ಹೊತ್ತು ದುಡಿಯುತ್ತದೆ. ರಾತ್ರಿ ಹತ್ತಕ್ಕೂ ಅಲ್ಲಿ ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡುವುದನ್ನು ನಾನು ಕಂಡಿದ್ದೇನೆ. ಬೀದಿಯ ಮೇಲೆ ಎಲ್ಲ ಹೊತ್ತಿನಲ್ಲೂ ಯಾರದೋ ಕಣ್ಣು ಇದ್ದೇ ಇರುತ್ತದೆ. ಅಮೆರಿಕದ ಜೇನ್ ಜೇಕಬ್ಸ್ ಎಂಬ ಮಹಿಳೆ 1961ರಲ್ಲಿ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ನ್ಯೂಯಾರ್ಕಿನ ಬೀದಿಗಳನ್ನು ನೋಡಿ ಮಂಡಿಸಿದ ವಾದವೂ ಇದೇ. ವಿಚಿತ್ರವೆಂದರೆ ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಹೆಸರಿನಲ್ಲಿರುವುದೂ ಅದೇ 1961. ಆಕೆ ಬೆರೆಸಿರಿ ಎನ್ನುತ್ತಿದ್ದ ಕಾಲದಲ್ಲೇ ನಾವು ವಾಸಕ್ಕೊಂದು ಬಣ್ಣ, ವಾಣಿಜ್ಯಕ್ಕೊಂದು ಬಣ್ಣ, ಕೈಗಾರಿಕೆಗೊಂದು ಬಣ್ಣ ಹಚ್ಚಿ ಊರನ್ನು ಬಿಡಿಸಲು ಹೊರಟೆವು.

ಈಗ ಮತ್ತೆ ಬೆರೆಸುವ ಕಾಲ ಬಂದಿದೆ. ಅದಕ್ಕೆ ಕಾರಣ ಬಸ್ಸು. 1962ರಲ್ಲಿ ಎರಡು ಊರುಗಳನ್ನು ಒಂದೇ ಮಹಾನಗರ ಪಾಲಿಕೆಯಾಗಿ ಕೂಡಿಸಿದರೂ ನಡುವಿನ ಇಪ್ಪತ್ತು ಕಿಲೋಮೀಟರು ಹಾಗೆಯೇ ಉಳಿದಿತ್ತು; ಉಣಕಲ್, ನವಲೂರು, ರಾಯಾಪುರಗಳು ತಮ್ಮ ಪಾಡಿಗೆ ಹಳ್ಳಿಗಳಾಗಿಯೇ ಇದ್ದವು. ನವಲೂರಿನ ಪೇರಲವನ್ನು ತಿನ್ನದ ಧಾರವಾಡದವರು ಇಲ್ಲ. ಬೇಂದ್ರೆ ಸಾರಿಗೆಯ ಬಸ್ಸಿನಲ್ಲಿ ನಿಂತು ಹುಬ್ಬಳ್ಳಿಗೆ ಹೋಗಿಬರುತ್ತಿದ್ದ ದಿನಗಳಲ್ಲಿ ಕಿಟಕಿಯಾಚೆ ಮರಗಳ ನೆರಳು ಸರಿಯುತ್ತಿತ್ತು. ತ್ವರಿತ ಬಸ್ ಸಾರಿಗೆಗಾಗಿ ರಸ್ತೆ ಅಗಲವಾಯಿತು, ಮರಗಳು ಹೋದವು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಲಾರಂಭಿಸಿದ ಬಸ್ಸುಗಳಿಗೆ 2020ರ ಫೆಬ್ರುವರಿಯಲ್ಲಿ ವಿಧಿವತ್ತಾದ ಉದ್ಘಾಟನೆಯಾಯಿತು. ಅವಕ್ಕೆ ಚಿಗರಿ ಎಂದು ಹೆಸರಿಟ್ಟರು. ಬಯಲುಸೀಮೆಯ ಹುಲ್ಲುಗಾವಲಿನ ಮೃಗದ ಹೆಸರನ್ನು ಡಾಂಬರಿನ ಮೇಲೆ ಓಡುವ ವಾಹನಕ್ಕೆ ಕೊಟ್ಟವರ ಹಾಸ್ಯಪ್ರಜ್ಞೆ ಮೆಚ್ಚತಕ್ಕದ್ದು. ಆದರೂ ಸಾರ್ವಜನಿಕ ಸಾರಿಗೆಗೆ ರಸ್ತೆಯ ನಡುಭಾಗವನ್ನೇ ಬಿಟ್ಟುಕೊಟ್ಟದ್ದು ದೊಡ್ಡ ನಿರ್ಧಾರ. ಅದನ್ನು ನಾನು ಹೀಗಳೆಯಲಾರೆ.

ಕೇಂದ್ರ ಸರ್ಕಾರ 2017ರಲ್ಲಿ ಸಾರಿಗೆ ಆಧಾರಿತ ಅಭಿವೃದ್ಧಿಯ ರಾಷ್ಟ್ರೀಯ ನೀತಿಯೊಂದನ್ನು ಪ್ರಕಟಿಸಿತು. ಅದರ ಪ್ರಕಾರ ಇಂತಹ ನಿಲ್ದಾಣಗಳಿಂದ 500ರಿಂದ 800 ಮೀಟರ್, ಅಂದರೆ ಹತ್ತು ನಿಮಿಷ ನಡೆಯುವ ದೂರದೊಳಗೆ, ಹೆಚ್ಚು ಎತ್ತರಕ್ಕೆ, ಹೆಚ್ಚು ಬೆರಕೆಯಾಗಿ ಕಟ್ಟಲು ಅವಕಾಶ ನೀಡಬೇಕು. ತತ್ತ್ವ ಸರಿಯಾಗಿದೆ. ಆದರೆ ನಮ್ಮಲ್ಲಿ ಈ ತತ್ತ್ವ ಸಭೆಯಿಂದ ಹೊರಬೀಳುವಷ್ಟರಲ್ಲಿ ಒಂದೇ ಅಂಕಿಯಾಗಿ ಕುಗ್ಗಿಬಿಡುತ್ತದೆ. ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಎಫ್‌ಎಆರ್ ಅಂಕಿ ಅದು. ಭೂಮಾಲೀಕರು ಅದನ್ನೇ ಕೇಳುತ್ತಾರೆ, ಬ್ಯಾಂಕಿನವರೂ ಅದನ್ನೇ. ಆ ಎತ್ತರದ ಬುಡದಲ್ಲಿ ಬೀದಿ ಹೇಗಿರುತ್ತದೆ, ಮಳೆ ನೀರು ಎಲ್ಲಿ ಹೋಗುತ್ತದೆ ಎಂದು ಕೇಳುವವರು ಕಡಿಮೆ. ನಗರ ವಿನ್ಯಾಸದ ಮಾರ್ಗಸೂಚಿ ಬೇಕಾಗಿರುವುದು ಈ ಕೇಳದ ಪ್ರಶ್ನೆಗಳಿಗಾಗಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಬಡಾವಣೆಯ ನಕ್ಷೆಯಲ್ಲಿ ಒಂದು ಸಣ್ಣ ಹಳ್ಳವಿತ್ತು. ಬೇಸಿಗೆಯಲ್ಲಿ ಅಳತೆ ಮಾಡಿದ್ದರಿಂದ ಅದು ಒಣಗಿತ್ತು. ನಕ್ಷೆ ಬರೆದವರು ಅದನ್ನು ಎರಡು ನಿವೇಶನಗಳ ನಡುವಿನ ಗಡಿ ಎಂದು ತೋರಿಸಿದರು, ನಾನೂ ಸುಮ್ಮನಿದ್ದೆ. ಲಾರಿಗಟ್ಟಲೆ ಮಣ್ಣು ಸುರಿದು ಸಮ ಮಾಡಿದೆವು. ಮೂರನೆಯ ಮಳೆಗಾಲದಲ್ಲಿ ಹಳ್ಳ ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬಂದು, ಒಂದು ಮನೆಯ ಅಡುಗೆಮನೆಯಲ್ಲಿ ಮೊಣಕಾಲೆತ್ತರ ನಿಂತಿತು. ಆ ಮನೆಯ ಯಜಮಾನಿ ನನ್ನನ್ನು ಬಯ್ಯಲಿಲ್ಲ. “ನಿಮಗ ಗೊತ್ತಿತ್ತೇನ್ರಿ?” ಎಂದಷ್ಟೇ ಕೇಳಿದರು. ಗೊತ್ತಿತ್ತು.

ಆದ್ದರಿಂದ ಅವಳಿನಗರದ ಯಾವುದೇ ಮಾರ್ಗಸೂಚಿಯ ಮೊದಲ ಹಾಳೆ ನೀರಿನ ನಕ್ಷೆಯಾಗಿರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ರಸ್ತೆ, ಎತ್ತರ, ಬಣ್ಣಗಳೆಲ್ಲ ಆಮೇಲಿನ ಮಾತು. ಉಣಕಲ್ ಕೆರೆ, ಅದರಿಂದ ಹೊರಟು ಹುಬ್ಬಳ್ಳಿಯ ನಡುವೆ ಹರಿಯುವ ನಾಲೆ, ಧಾರವಾಡದ ಕೆಲಗೇರಿ, ಸಾಧನಕೇರಿ, ಎಮ್ಮಿಕೇರಿ, ಇವುಗಳಿಗೆ ನೀರು ತರುವ ಮತ್ತು ಇವುಗಳಿಂದ ನೀರು ಒಯ್ಯುವ ಒಂದೊಂದು ಹಳ್ಳವನ್ನೂ ಮಳೆಗಾಲದಲ್ಲಿಯೇ ನಡೆದು ಗುರುತಿಸಬೇಕು. ಬೆಂಗಳೂರಿನಲ್ಲಿ ಈ ಗೆರೆಯನ್ನು ನ್ಯಾಯಾಲಯಗಳಿಗೆ ಬಿಟ್ಟದ್ದರ ಫಲ ನಮ್ಮ ಕಣ್ಣ ಮುಂದಿದೆ. ಕೆರೆಯಂಚಿನಿಂದ 75 ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು; ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಆ ಆದೇಶವನ್ನು ತಳ್ಳಿಹಾಕಿತು. ಅಷ್ಟರಲ್ಲಿ ಕಟ್ಟುವವರು ಕಟ್ಟಿದರು. ಧಾರವಾಡದ ಟೋಲ್ ನಾಕಾ ಬಳಿ ಜೋರು ಮಳೆಗೆ ಬಸ್ಸಿನ ದಾರಿಯೇ ಕೆರೆಯಾಗುವುದನ್ನು ನೀವು ಪತ್ರಿಕೆಗಳಲ್ಲಿ ನೋಡಿದ್ದೀರಿ. ನೆಲದ ಓರೆಯನ್ನು ಕೇಳದೆ ರಸ್ತೆ ಮಾಡಿದಾಗ ಆಗುವುದೇ ಹೀಗೆ.

ಉಣಕಲ್ ನಾಲೆಯ ದಂಡೆಯಲ್ಲಿ ಸೈಕಲ್ ಹಾಗೂ ನಡಿಗೆಯ ಹಸಿರು ದಾರಿ ಮಾಡುವ ಯೋಜನೆಯೊಂದು ಸ್ಮಾರ್ಟ್ ಸಿಟಿಯ ಹೆಸರಿನಲ್ಲಿ, ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ಮತ್ತು ಐರೋಪ್ಯ ಒಕ್ಕೂಟದ ನೆರವಿನಿಂದ ರೂಪುಗೊಂಡಿದೆ. ಇದು ಸ್ವಾಗತಾರ್ಹ. ಆದರೆ ನಾಲೆಗೆ ಬೆನ್ನು ಹಾಕಿ, ಶೌಚಾಲಯದ ಕೊಳವೆಯನ್ನು ಅದರತ್ತ ಇಳಿಬಿಟ್ಟು ಕಟ್ಟುವ ರೂಢಿ ಹಾಗೆಯೇ ಉಳಿದರೆ ಆ ದಾರಿಯಲ್ಲಿ ಮೂಗು ಮುಚ್ಚಿಕೊಂಡೇ ಸೈಕಲ್ ತುಳಿಯಬೇಕಾದೀತು. ನಾಲೆಯ ಪಕ್ಕದ ನಿವೇಶನಗಳಿಗೆ ಒಂದು ಸರಳ ನಿಯಮ ಸಾಕು: ಕಟ್ಟಡದ ಒಂದು ಬಾಗಿಲು, ಒಂದು ಜಗಲಿ ನೀರಿನ ಕಡೆಗೆ ಇರತಕ್ಕದ್ದು. ಮನುಷ್ಯ ತಾನು ಎದುರಿಗೆ ನೋಡುವುದನ್ನು ಹೊಲಸು ಮಾಡುವುದು ಕಡಿಮೆ. ಇನ್ನು ಈ ಊರುಗಳ ಕೊಳೆನೀರಿನ ಕಥೆ ದೊಡ್ಡದು. ಮಡಿಹಾಳ, ಗಬ್ಬೂರು, ಕಟ್ನೂರುಗಳ ರೈತರು ಅದೇ ನೀರನ್ನು ಎತ್ತಿ ತರಕಾರಿ ಬೆಳೆದದ್ದನ್ನು ವಿಜ್ಞಾನಿಗಳು ಇಪ್ಪತ್ತು ವರ್ಷಗಳ ಹಿಂದೆಯೇ ದಾಖಲಿಸಿದ್ದಾರೆ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳೋಣ.

ಎರಡನೆಯದು ನೆಲಮಾಳಿಗೆ. ಮಿಶ್ರ ಬಳಕೆಯ ಕಟ್ಟಡವೆಂದರೆ ಕೆಳಗೆ ಕಾರು ನಿಲ್ಲಿಸಲು ಅಗೆಯುವುದು ಎಂಬಂತಾಗಿದೆ. ಹುಬ್ಬಳ್ಳಿಯ ಬಹುಭಾಗ ಎರೆಮಣ್ಣು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗೋಡೆಯನ್ನು ಪಕ್ಕದಿಂದ ತಳ್ಳುತ್ತದೆ. ಅಂತಹ ನೆಲದಲ್ಲಿ ಆಳಕ್ಕೆ ಅಗೆದರೆ ನೀರು ಇಂಗುವ ಜಾಗವೂ ಹೋಗುತ್ತದೆ, ವರ್ಷವಿಡೀ ಪಂಪು ಓಡಿಸುವ ಖರ್ಚೂ ಬರುತ್ತದೆ. ಬಸ್ಸಿನ ನಿಲ್ದಾಣ ಬಾಗಿಲಲ್ಲೇ ಇರುವ ಕಟ್ಟಡಕ್ಕೆ ಇಷ್ಟು ಕಾರುಗಳ ಜಾಗ ಕಡ್ಡಾಯವೆಂಬ ನಿಯಮವೇ ಅಸಂಬದ್ಧ. ಆ ಹಣದಲ್ಲಿ ಬೀದಿಯುದ್ದಕ್ಕೂ ನೆರಳಿನ ಸಾಲು, ಅಂಗಡಿಗಳ ಮುಂದೆ ಮಳೆ ತಾಗದ ಮುಚ್ಚಿಗೆಯ ಕಾಲುದಾರಿ, ತಳ್ಳುಗಾಡಿಯವರಿಗೆ ಗುರುತು ಮಾಡಿದ ನೆಲ ಕೊಡಬಹುದು. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಅವರಿಗೆ ಹಕ್ಕು ಕೊಟ್ಟಿದೆ; ವಿನ್ಯಾಸದ ಹಾಳೆಯಲ್ಲಿ ಅವರಿಗೆ ಜಾಗ ಕೊಡುವುದಷ್ಟೇ ಬಾಕಿ.

ನಿಯಮ ಬರೆಯುವುದು ಒಂದು, ಪಾಲಿಸುವುದು ಇನ್ನೊಂದು ಎಂದು ನೀವು ಹೇಳುವಿರಿ. 2019ರ ಮಾರ್ಚ್ 19ರ ಮಧ್ಯಾಹ್ನವನ್ನು ಧಾರವಾಡದವರು ಮರೆಯಲಾರರು. ಕುಮಾರೇಶ್ವರ ನಗರದಲ್ಲಿ ನಿರ್ಮಾಣದ ಹಂತದಲ್ಲಿದ್ದ ವಾಣಿಜ್ಯ ಕಟ್ಟಡವೊಂದು ಕುಸಿದು 19 ಮಂದಿ ಸತ್ತರು. ಮೇಲೆ ಇನ್ನೂ ಕಟ್ಟುತ್ತಿದ್ದರು. ಕೆಳಗೆ ಅಂಗಡಿಗಳಲ್ಲಿ ವ್ಯಾಪಾರ ನಡೆಯುತ್ತಿತ್ತು. ಮಿಶ್ರ ಬಳಕೆಯ ಬಗ್ಗೆ ಮಾತನಾಡುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಹತ್ತು ಬಗೆಯ ಜನ ಒಂದೇ ಸೂರಿನಡಿ ಬಂದಾಗ ಒಬ್ಬನ ಅವಸರ ಹತ್ತು ಜನರ ಜೀವಕ್ಕೆ ಬರುತ್ತದೆ. ಆದ್ದರಿಂದ ಪೂರ್ಣಗೊಂಡ ಪ್ರಮಾಣಪತ್ರವಿಲ್ಲದೆ ಕೆಳಗಿನ ಒಂದು ಮಳಿಗೆಯೂ ಬಾಗಿಲು ತೆರೆಯಬಾರದು. ಆ ಪತ್ರವನ್ನು ಬಾಗಿಲಿಗೇ ತೂಗುಹಾಕಬೇಕು. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ.

ಇನ್ನು ನವಲೂರು, ರಾಯಾಪುರಗಳ ನಡುವೆ ಉಳಿದಿರುವ ತೆರಪು. ಅಲ್ಲಿ ಇಡೀ ದಾರಿಯುದ್ದಕ್ಕೂ ಗಾಜಿನ ಗೋಡೆಯ ಸಾಲು ಎಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ನಿಲ್ದಾಣದ ಸುತ್ತ ಗಂಟಿನಂತೆ ದಟ್ಟವಾಗಲಿ. ಎರಡು ಗಂಟುಗಳ ನಡುವೆ ತೋಟ, ಹೊಲ, ಹಳ್ಳಗಳು ಹಾದುಹೋಗಲಿ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಧಾರವಾಡದವರಿಗೆ ಅದು ಬಹುಕಾಲದ ಆಸೆ, ನನಗೂ ಸಂತೋಷವೇ. ಆದರೆ ಎರಡು ಪಾಲಿಕೆಗಳು ನಡುವಿನ ನೆಲವನ್ನು ತೆರಿಗೆಯ ಆಸೆಯಿಂದ ಪೈಪೋಟಿಯಲ್ಲಿ ತುಂಬಿಸಲು ಹೊರಟರೆ ಬೇಡ್ತಿಯ ತಲೆಯ ಮೇಲೆ ಕಾಂಕ್ರೀಟಿನ ಮುಚ್ಚಳ ಬೀಳುತ್ತದೆ. ಗಡಿ ಎಲ್ಲೇ ಬರಲಿ, ನೀರಿನ ನಕ್ಷೆ ಎರಡಕ್ಕೂ ಒಂದೇ ಇರಬೇಕು. ಅವಳಿನಗರ ಕುಡಿಯುವುದು ಸವದತ್ತಿಯ ಬಳಿಯ ಜಲಾಶಯದಿಂದ ತಂದ ಮಲಪ್ರಭೆಯ ನೀರನ್ನು ಮತ್ತು ಬೇಡ್ತಿಗೆ ಅಡ್ಡಕಟ್ಟಿದ ನೀರಸಾಗರದ ನೀರನ್ನು. ಕುಡಿಯುವ ನೀರು ಕೊಟ್ಟ ಹೊಳೆಗೆ ಕೊಳೆ ಹಿಂತಿರುಗಿಸುವುದು ಯಾವ ಊರಿಗೂ ಭೂಷಣವಲ್ಲ.

ಬಸ್ಸಿನಲ್ಲಿ ಸಿಕ್ಕ ಹಿರಿಯರಿಗೆ ನಾನು ಇಷ್ಟನ್ನೂ ಹೇಳಲಾಗಲಿಲ್ಲ. ಅವರು ಯಲ್ಲಾಪುರದಲ್ಲಿ ಇಳಿದುಬಿಟ್ಟರು. ನಿಮಗೆ ಒಂದು ವ್ಯಾವಹಾರಿಕ ವಿಷಯ ಹೇಳಿ ಮುಗಿಸುತ್ತೇನೆ. ಯೋಜನಾ ಕಾಯ್ದೆಯ 13ನೆಯ ಪ್ರಕರಣದಂತೆ ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರು ಲಿಖಿತ ಅಭಿಪ್ರಾಯ ಕೊಡಲು 60 ದಿನಗಳ ಅವಕಾಶವಿದೆ. ನಗರದಲ್ಲಿ ಮನೆ ಇದ್ದವರೇ ಬರೆಯಬೇಕೆಂದು ಅಲ್ಲೆಲ್ಲೂ ಹೇಳಿಲ್ಲ. ಕಣಿವೆಯ ರೈತನೂ ಬರೆಯಬಹುದು. ಮುಂದಿನ ಕರಡು ಬರುವ ಮುನ್ನ, ಬರುವ ಆಷಾಢದಲ್ಲಿ, ಸೋಮೇಶ್ವರದಿಂದ ಕಲಘಟಗಿಯವರೆಗೆ ಮತ್ತು ಉಣಕಲ್ಲಿನಿಂದ ಊರಾಚೆಯವರೆಗೆ ಎರಡು ತಂಡಗಳಾಗಿ ಮಳೆಯಲ್ಲೇ ನಡೆದು ಹಳ್ಳಗಳನ್ನು ಗುರುತಿಸೋಣ. ಸರ್ವೆ ನಕ್ಷೆಗಳ ಪ್ರತಿಗಳನ್ನು ನಾನು ತರುತ್ತೇನೆ. ಕಂಬಳಿಕೊಪ್ಪೆ ನೀವು ತನ್ನಿ. ಧಾರವಾಡದಲ್ಲಿ ಈಗ ಅದು ಸಿಗುವುದಿಲ್ಲ.