ಓಕೆ ಅನ್ನೋ ಮೊದಲು ಓದಿ



ಅಕ್ಟೋಬರ್ ಕೊನೇ ವಾರ ಇದು. ಬೆಂಗಳೂರಿನ ಸುಲ್ತಾನ್‌ಪೇಟೆ ಇರಲಿ, ನಿಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕದ ಡಿಟಿಪಿ ಸೆಂಟರ್ ಇರಲಿ, ಪ್ರಿಂಟಿಂಗ್ ಅಂಗಡಿಯವರಿಗೆ ಈಗ ನಿದ್ದೆ ಇಲ್ಲ. ನವೆಂಬರ್ 1ಕ್ಕೆ ಹಳದಿ ಟೀ ಶರ್ಟ್ ಬೇಕು, ಬ್ಯಾನರ್ ಬೇಕು, ಕಲರ್ ಕರಪತ್ರ ಬೇಕು. ಎಲ್ಲರಿಗೂ ನಾಳೆನೇ ಬೇಕು. ಈ ಗಡಿಬಿಡಿಯಲ್ಲಿ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಯಾಕಂದ್ರೆ ಒಂದು ಸಲ ಆ ತಪ್ಪು ಮಾಡಿದವನು ನಾನೇ.

ಆಗ ಎಂಜಿನಿಯರಿಂಗ್ ಕೊನೇ ವರ್ಷ. ರಾಜ್ಯೋತ್ಸವದ ಟೀ ಶರ್ಟ್ ಜವಾಬ್ದಾರಿ ನನ್ನ ತಲೆಗೆ ಬಂತು. 120 ಶರ್ಟು. ಎಲ್ಲರ ಹತ್ತಿರ ದುಡ್ಡು ಎತ್ತಿದ್ವಿ. ಎದೆ ಮೇಲೆ ‘ನಮ್ಮ ಮಣ್ಣು, ನಮ್ಮ ಕನ್ನಡ’ ಅಂತ ಬರಬೇಕು. ನಾನು ಆ ಸಾಲನ್ನು ಟೈಪ್ ಮಾಡಿ ಅಂಗಡಿಗೆ ಮೇಲ್ ಕಳಿಸಿದೆ. ಸಂಜೆ ಪ್ರೂಫ್ ಬಂತು. ಲ್ಯಾಬ್‌ನಲ್ಲಿದ್ದೆ. ಪುಟ್ಟ ಫೋನ್ ಪರದೆಯಲ್ಲಿ ತೆರೆದೆ, ಹಳದಿ ಮೇಲೆ ಕೆಂಪು ಕಾಣಿಸ್ತು, ಚೆನ್ನಾಗಿದೆ ಅನ್ನಿಸ್ತು. ‘ಓಕೆ, ಪ್ರಿಂಟ್ ಮಾಡಿ’ ಅಂದುಬಿಟ್ಟೆ.

ಅಕ್ಟೋಬರ್ 31ರ ರಾತ್ರಿ ಹಾಸ್ಟೆಲ್‌ನಲ್ಲಿ ಬಂಡಲ್ ಬಿಚ್ಚಿದ್ವಿ. ಮೆಸ್ಸಿನ ಅಡುಗೆಯವರೊಬ್ಬರು ಒಂದು ಶರ್ಟ್ ಎತ್ತಿಕೊಂಡು ಓದಿದರು. ‘ಇದೇನ್ರಪ್ಪಾ, ನಮ್‌ಮ ಮಣ್‌ಣು, ನಮ್‌ಮ ಕನ್‌ನಡ? ಒತ್ತು ಎಲ್ಲಿ ಹೋಯ್ತು?’

ಅಷ್ಟೊಂದು ಜನ ಎಂಜಿನಿಯರಿಂಗ್ ಹುಡುಗರು ಕೈಯಲ್ಲಿ ಹಿಡಿದು ನೋಡಿದ್ವಿ. ಓದಿದವರು ಅವರೊಬ್ಬರೇ. ಅಂಗಡಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಒಂದೇ ಮಾತು ಹೇಳಿದರು, ‘ಸಾರ್, ನೀವೇ ಓಕೆ ಅಂದ್ರಲ್ಲ.’ ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇರೆ ಮಾಡಿಸೋಕೆ ದುಡ್ಡೂ ಇಲ್ಲ, ಟೈಮೂ ಇಲ್ಲ. ಅದನ್ನೇ ಹಾಕ್ಕೊಂಡು ಧ್ವಜದ ಮುಂದೆ ನಿಂತ್ವಿ.

ಹೀಗ್ಯಾಕೆ ಆಗುತ್ತೆ? ಕಂಪ್ಯೂಟರ್‌ನಲ್ಲಿ ಕನ್ನಡ ಎರಡು ರೀತಿಯಲ್ಲಿದೆ. ಒಂದು ಯೂನಿಕೋಡ್, ನಿಮ್ಮ ಮೊಬೈಲ್‌ನಲ್ಲಿ ಇರೋದು ಅದೇ. ಇನ್ನೊಂದು ನುಡಿ ತರಹದ ಹಳೇ ಫಾಂಟ್‌ಗಳದ್ದು. ಅಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡ ಅಕ್ಷರಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಆ ಫೈಲ್ ತೆರೆದರೆ ‘ಕನ್ನಡ’ ಅನ್ನೋ ಪದದ ನಡುವೆ ಪೌಂಡ್ ಗುರುತು ಬಂದು ಕೂತಿರುತ್ತೆ. ಇದಾದ್ರೆ ಯಾರ ಕಣ್ಣಿಗಾದ್ರೂ ಬೀಳುತ್ತೆ.

ಕಣ್ಣಿಗೆ ಬೀಳದೇ ಹೋಗೋದು ಇನ್ನೊಂದು. ಯೂನಿಕೋಡ್‌ನಲ್ಲಿ ಒತ್ತಕ್ಷರ ಅಂದ್ರೆ ಅಕ್ಷರ, ಹಲಂತ, ಮತ್ತೊಂದು ಅಕ್ಷರ. ಅವನ್ನು ಸೇರಿಸಿ ಒತ್ತು ಮಾಡೋ ಕೆಲಸ ಸಾಫ್ಟ್‌ವೇರ್‌ನದ್ದು. ಫೋಟೋಶಾಪ್‌ನಂಥ ಡಿಸೈನ್ ಸಾಫ್ಟ್‌ವೇರ್‌ಗಳ ಹಳೇ ಆವೃತ್ತಿಗಳಿಗೆ ಅದು ಬರುತ್ತಿರಲಿಲ್ಲ. ನಂತರದವಕ್ಕೂ ಭಾರತೀಯ ಭಾಷೆಗಳ ಆಯ್ಕೆ ಆನ್ ಮಾಡದಿದ್ದರೆ ‘ಕರ್ನಾಟಕ’ ಹೋಗಿ ‘ಕರ್‌ನಾಟಕ’ ಆಗುತ್ತೆ. ಆಪರೇಟರ್‌ಗೆ ಕನ್ನಡ ಬಾರದಿದ್ದರೆ ಅದು ತಪ್ಪು ಅಂತ ಗೊತ್ತಾಗೋದೇ ಇಲ್ಲ. ಬರೋರಿಗೂ ದಿನಕ್ಕೆ ಐವತ್ತು ಆರ್ಡರ್ ಇದ್ದಾಗ ಓದೋಕೆ ಪುರುಸೊತ್ತಿಲ್ಲ. ಅವರು ನೀವು ಒಪ್ಪಿದ್ದನ್ನು ಪ್ರಿಂಟ್ ಮಾಡ್ತಾರೆ, ಅಷ್ಟೇ.

ಈಗ ಯಾಕೆ ಇದನ್ನು ಹೇಳ್ತಿದ್ದೀನಿ ಅಂದ್ರೆ, ಬೋರ್ಡ್‌ಗಳ ಕಾನೂನು ಬಂದಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಒಳ್ಳೇದೇ. ಆದರೆ ಅಳತೆ ಟೇಪು ಶೇ 60 ಅಳೆಯುತ್ತೆ, ಒತ್ತಕ್ಷರ ಎಣಿಸಲ್ಲ. ದಂಡಕ್ಕೆ ಹೆದರಿ ರಾತ್ರೋರಾತ್ರಿ ಮಾಡಿಸಿದ ಬೋರ್ಡಿನಲ್ಲಿ ಕನ್ನಡ ದೊಡ್ಡದಾಗಿ ತಪ್ಪಾಗಿದ್ದರೆ ಯಾರಿಗೆ ಗೌರವ? ಆಗ ತಾನೇ ಓದೋಕೆ ಕಲಿಯುತ್ತಿರೋ ಮಗು ರಸ್ತೆಯಲ್ಲಿ ಮೊದಲು ಓದೋದೇ ಬೋರ್ಡು. ಅದು ಬೋರ್ಡಿನಲ್ಲಿರೋದೇ ಸರಿ ಅಂದ್ಕೊಳ್ಳುತ್ತೆ.

ಹಾಗಾಗಿ ಈ ವಾರ ಆರ್ಡರ್ ಕೊಡೋರಿಗೆ ನನ್ನ ಅನುಭವದ ನಾಲ್ಕು ಮಾತು.

ಒಂದು, ಲೋಗೋ, ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ. ಅದು ಫೈಲನ್ನು ಕುಗ್ಗಿಸುತ್ತೆ, ಪ್ರಿಂಟ್ ಮಸುಕಾಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ. ಡಿಸೈನ್ ನೀವೇ ಮಾಡಿದ್ದರೆ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಾಯಿಸಿ ಪಿಡಿಎಫ್ ಕೊಡಿ. ಆಗ ಅಕ್ಷರ ಚಿತ್ರರೂಪಕ್ಕೆ ಬರುತ್ತೆ, ಆ ಕಡೆ ಫಾಂಟ್ ಇದ್ದರೂ ಇಲ್ಲದಿದ್ದರೂ ಒಡೆಯಲ್ಲ.

ಎರಡು, ಯಾವ ವಿಧಾನದ ಪ್ರಿಂಟ್ ಅಂತ ಕೇಳಿ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಮಾಡಬೇಕು. ಹಾಗಾಗಿ ಬಣ್ಣ ಕಡಿಮೆ, ಶರ್ಟು ಜಾಸ್ತಿ ಇದ್ದರೆ ಅದು ಅಗ್ಗ. ಹತ್ತು ಹದಿನೈದು ಶರ್ಟಿಗೆ ಡಿಟಿಎಫ್ ಸಾಕು. ಸಬ್ಲಿಮೇಷನ್ ಹಿಡಿಯೋದು ಪಾಲಿಯೆಸ್ಟರ್ ಮೇಲೆ, ಹತ್ತಿ ಬಟ್ಟೆ ಮೇಲೆ ಅಲ್ಲ. ಇನ್ನು ಪರದೆ ಮೇಲಿನ ಬಣ್ಣ ಬೆಳಕಿನದ್ದು, ಪ್ರಿಂಟಿನ ಬಣ್ಣ ಇಂಕಿನದ್ದು. ಎರಡೂ ಒಂದೇ ಥರ ಕಾಣಲ್ಲ. ಒಂದು ಸ್ಯಾಂಪಲ್ ಶರ್ಟ್ ಮಾಡಿಸಿ, ಹಗಲು ಬೆಳಕಲ್ಲಿ ನೋಡಿ.

ಮೂರು, ಬ್ಯಾನರ್ ಬಟ್ಟೆಯಲ್ಲೇ ಮಾಡಿಸಿ. ಫ್ಲೆಕ್ಸ್ ಅಂದ್ರೆ ಪಿವಿಸಿ, ಪ್ಲಾಸ್ಟಿಕ್. ರಾಜ್ಯದಲ್ಲಿ 2016ರಲ್ಲೇ ಅದನ್ನು ನಿಷೇಧಿಸಿದ್ದಾರೆ. ನಾಡಹಬ್ಬದ ಮರುದಿನ ಅದು ಚರಂಡಿಯಲ್ಲಿ ಬಿದ್ದಿರೋದನ್ನು ನೋಡೋಕೆ ಆಗಲ್ಲ.

ನಾಲ್ಕು, ಪ್ರೂಫ್ ಬಂದಾಗ ನೋಡಬೇಡಿ, ಓದಿ. ಬಾಯಿ ಬಿಟ್ಟು ಓದಿ. ಡಿಸೈನ್ ಮಾಡಿದವರ ಕೈಯಲ್ಲಲ್ಲ, ಬೇರೆಯವರ ಕೈಲಿ ಓದಿಸಿ. ಮನೆಯಲ್ಲಿ ಅಮ್ಮನಿಗೋ ಅಜ್ಜನಿಗೋ ಕೊಡಿ. ನಾವು ಏನು ಬರೆದಿದ್ದೀವಿ ಅಂತ ನಮಗೆ ಗೊತ್ತಿರುತ್ತೆ. ಅದಕ್ಕೇ ನಮ್ಮ ಕಣ್ಣು ತಪ್ಪನ್ನೂ ಸರಿಯಾಗೇ ಓದಿಬಿಡುತ್ತೆ.

ಈ ಮಾತು ಹೇಳೋಕೆ ನಿಮಗೇನು ಹಕ್ಕು, ನಿಮ್ಮ ಪರದೆ ಕೆಳಗೆ ಓಡೋ ಅಕ್ಷರಗಳಲ್ಲೇ ತಪ್ಪು ಇರುತ್ತಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇರುತ್ತೆ. ಅಲ್ಲೂ ಕಾರಣ ಅದೇ, ಅವಸರ. ಅದಕ್ಕೇ ಇದನ್ನು ನನಗೂ ಸೇರಿಸಿಯೇ ಹೇಳ್ತಿದ್ದೀನಿ.

ಆ ಟೀ ಶರ್ಟ್ ಇನ್ನೂ ನನ್ನ ಬೀರುವಿನಲ್ಲಿದೆ. ಬಣ್ಣ ಹೋಗಿದೆ, ತಪ್ಪು ಹೋಗಿಲ್ಲ. ಓಕೆ ಅನ್ನೋಕೆ ಒಂದು ಸೆಕೆಂಡ್ ಸಾಕು. ಓದೋಕೆ ಎರಡು ನಿಮಿಷ ಬೇಕು. ಈ ನವೆಂಬರ್‌ನಲ್ಲಿ ಆ ಎರಡು ನಿಮಿಷವನ್ನು ಕನ್ನಡಕ್ಕೆ ಕೊಡೋಣ.